ಅಜ್ಜಿ ಚಪ್ಪಾಳೆ ತಟ್ಟಿದ ಭಾಷಣ

ಅಪ್ಪನ ಕೊರಳಪಟ್ಟಿ ಸರಿಮಾಡುತ್ತ ಕೊನೆಯ ಸಲ ಕೇಳಿಕೊಂಡೆ. "ಅಜ್ಜಿನ್ನ ಸ್ಟೇಜಿಗೆ ಕರೀಬ್ಯಾಡ್ರಿ ಅಪ್ಪಾ."

"ಅಕಿಗೆ ಇಂಗ್ಲಿಷ್ ಬರೂದಿಲ್ಲ, ಜನಕ್ಕ ಕನ್ನಡ ಬರೂದಿಲ್ಲ. ನಡುವ ನೀ ಇದ್ದೀ ಅಲ್ಲ ಅಮೂಲ್ಯಾ? ಅಕಿ ಏನರ ಅನ್ನಲಿ, ನಾ ಹೇಳಿಕೊಟ್ಟಿದ್ದನ್ನ ಹೇಳು, ಸಾಕು."

ಶಾಲೆಯಲ್ಲಿ ಮಕ್ಕಳಿಗೆ ಪುಕ್ಕಟೆ ಊಟ ಕೊಡಿ ಎಂದ ಎದುರಾಳಿ ಶಕುಂತಲಾ ಆಂಟಿಯನ್ನು ಕಮ್ಯುನಿಸ್ಟ್ ಎಂದು ಕರೆದೇ ಅಪ್ಪ ಟೆಕ್ಸಾಸಿನ ಯೂಲೆಸ್ ನಗರಸಭೆಗೆ ಗೆದ್ದಿದ್ದರು. ಆಮೇಲೆ ಹ್ಯೂಸ್ಟನ್ನಿನಲ್ಲಿ ಪಕ್ಷದ ಔತಣವೊಂದರಲ್ಲಿ ಅವರಿಗೆ ಇನ್ನೊಂದು ಕಥೆ ಹೊಳೆಯಿತು: ನನ್ನ ತಾಯಿ ದುಡಿಯುತ್ತಿದ್ದ ಬೀಡಿ ಕಾರ್ಖಾನೆಯನ್ನು ಕಮ್ಯುನಿಸ್ಟರು ಮುಚ್ಚಿಸಿದರು, ನಾವು ಉಪವಾಸ ಬಿದ್ದೆವು ಎಂದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. 2014ರ ಚುನಾವಣೆಗೆ, ಆಸ್ಟಿನ್ನಿನ ರಾಜ್ಯ ಶಾಸನಸಭೆಗೆ ನೀವೇ ನಿಲ್ಲಿ ಎಂದಿತು ಪಕ್ಷ. ಆ ತಾಯಿಯನ್ನೊಮ್ಮೆ ತೋರಿಸಿ ಎಂದೂ ಅಂದಿತು.

ನಾನು ಕೇಳಿ ಬೆಳೆದ ಕಥೆ ಬೇರೆ. ಮಲ್ಲವ್ವಜ್ಜಿಯ ಕಥೆಯಲ್ಲಿ ಒಬ್ಬ ರಾಜ, ಅವನ ಬಾಗಿಲಿಗೆ ಅಡ್ಡ ಕೂತ ಕೆಂಪು ಬಾವುಟದ ಹೆಂಗಸರು, ಅವರ ಸೆರಗು ದಾಟಲಾರದೆ ನಿಂತ ಕುದುರೆ. ರಾಜನೆಂದರೆ ಬೀಡಿ ಕಾರ್ಖಾನೆಯ ಸಾವುಕಾರ, ಆ ಹೆಂಗಸರಲ್ಲಿ ಅಜ್ಜಿಯೂ ಒಬ್ಬಳು ಎಂದು ತಿಳಿಯುವಷ್ಟರಲ್ಲಿ ನಾನು ದೊಡ್ಡವಳಾಗಿದ್ದೆ.

ಅಪ್ಪ ಏನು ಹೇಳಿಕೊಂಡು ತಿರುಗುತ್ತಾರೆಂದು ಅಜ್ಜಿಗೆ ಯಾರೂ ಹೇಳಿರಲಿಲ್ಲ.

ಡಲ್ಲಾಸಿನ ಸಭಾಂಗಣ ತುಂಬಿತ್ತು. ಅಪ್ಪ ಗುಡುಗಿದರು. ಆ ಇಂಗ್ಲಿಷಿನ ಹೊಳೆಯಲ್ಲಿ ಅಜ್ಜಿಗೆ ಗುರುತು ಸಿಕ್ಕ ಪದ ಒಂದೇ, ಕಮ್ಯುನಿಸ್ಟ್. ಅದು ಬಂದಾಗಲೆಲ್ಲ ಅವಳ ಮುಖ ಅರಳಿತು, ಚಪ್ಪಾಳೆ ತಟ್ಟಿದಳು.

"ನೋಡವ್ವಾ, ನನ್ನ ಮಗ ಮರ್ತಿಲ್ಲ," ಎಂದು ನನ್ನ ತೊಡೆ ತಿವಿದಳು. "ಇಷ್ಟ್ ದೂರ ಬಂದ್ರೂ ನಮ್ಮವ್ರನ್ನ ಮರ್ತಿಲ್ಲ."

ನಿಜ ಹೇಳಲೆಂದು ಬಾಯಿ ತೆರೆದೆ. ಅಷ್ಟರಲ್ಲಿ ನಮ್ಮಿಬ್ಬರನ್ನೂ ಕರೆದರು.

ಅಜ್ಜಿ ಮೈಕಿನ ಮುಂದೆ ಸೆರಗು ಹೊದ್ದು ಮುಷ್ಟಿ ಎತ್ತಿದಳು. "ನಾನೂ ಕಮ್ಯುನಿಸ್ಟ್! ಆ ಬಾವುಟ ಇರ್ಲಿಲ್ಲಂದ್ರ ನನ್ನ ಮಗ ಸಾಲಿ ಮೆಟ್ಟಲಾ ಹತ್ತತಿರ್ಲಿಲ್ಲ!"

ಒಂದು ಪದ ಎಲ್ಲರಿಗೂ ತಿಳಿಯಿತು. ಉಳಿದದ್ದಕ್ಕೆ ನನ್ನತ್ತ ನೋಡಿದರು. ಕಮ್ಯುನಿಸ್ಟರಿಗೆ ಹೆದರಿ ಬದುಕಿದೆ ಅನ್ನುತ್ತಿದ್ದಾಳೆ ಎಂದು ನಾನು ಹೇಳಿಬಿಟ್ಟರೆ ಸಾಕಿತ್ತು. ಅಪ್ಪನ ಕಣ್ಣು ಅದನ್ನೇ ಬೇಡುತ್ತಿತ್ತು. ಅಜ್ಜಿ ನನ್ನ ಮಣಿಕಟ್ಟು ಹಿಡಿದಳು.

"ಹೇಳವ್ವಾ. ಕುದುರಿ ಕಥಿ ನಿನಗ ಗೊತ್ತದ."

ಹೇಳಿದೆ. ಕುದುರೆ ನಿಂತದ್ದು, ಕೂಲಿ ಏರಿದ್ದು, ಅಪ್ಪ ಓದಿದ್ದು, ಎಲ್ಲ.

ಹ್ಯೂಸ್ಟನ್ನಿನಿಂದ ಬಂದಿದ್ದ ಪಕ್ಷದ ಹಿರಿಯರೊಬ್ಬರು ಎದ್ದರು. "ವಿನಾಯಕ್, ಹಾಗಾದರೆ ನೀವೂ ಅವರೇನಾ?"

ಅಪ್ಪ ಶಕುಂತಲಾ ಆಂಟಿಗೆ ಕೇಳಿದ್ದೂ ಇದನ್ನೇ. "ಅಲ್ಲ, ಅಲ್ಲ," ಎಂದರು ಅಪ್ಪ. ಆಂಟಿಯೂ ಹಾಗೇ ಅಂದಿದ್ದರು, ಯಾರೂ ನಂಬಿರಲಿಲ್ಲ. ಕುರ್ಚಿಗಳು ಸರಿದ ಸದ್ದು ಬಾಗಿಲವರೆಗೂ ಹೋಯಿತು. ನಾವು ಪಾರ್ಕಿಂಗ್ ತಲುಪುವ ಮೊದಲೇ ಆಸ್ಟಿನ್ನಿನ ಪಕ್ಷದ ಕಚೇರಿಯಿಂದ ಫೋನ್ ಬಂತು: ಬೆಂಬಲ ವಾಪಸು, ನೀವೇ ಹಿಂದೆ ಸರಿದರೆ ಮರ್ಯಾದೆ.

ಅಪ್ಪ ಕಾರು ಸ್ಟಾರ್ಟ್ ಮಾಡಿ ಹೊರಡದೆ ಕೂತರು. ಹಿಂದಿನ ಸೀಟಿನಿಂದ ಅಜ್ಜಿ ಅವರ ತಲೆ ಸವರಿದಳು.

"ಎಷ್ಟ್ ಚಂದ ಮಾತಾಡ್ದೆಪಾ. ಜನಾ ಯಾಕ ಎದ್ದು ಹೋದ್ರು? ಊಟದ ಹೊತ್ತಾತೇನು?"

ಅಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿದರು.

"ಹೂಂನಬೇ," ಎಂದರು. "ಊಟದ ಹೊತ್ತಾತು."