ಡಬ್ಬಿ ಡ್ರೈವರ್ ಕೈಗೆ ಕೊಡಿ

ಸಿಟ್ಟು ಬಂದರೆ ನನಗೆ ಹಸಿವಾಗುತ್ತದೆ. ಕೋಲ್ಕತ್ತಾದ ದಮ್‌ದಮ್ ವಿಮಾನ ನಿಲ್ದಾಣದ ಹೊರಗೆ ಟ್ಯಾಕ್ಸಿಯ ಸಾಲಿನಲ್ಲಿ ನಿಂತಾಗಲೇ ಹೊಟ್ಟೆ ಚುರುಗುಟ್ಟುತ್ತಿತ್ತು. ಅಗರ್ತಲಾದಿಂದ ಒಂದು ಗಂಟೆ ಹಾರುವ ವಿಮಾನ, ಹೊರಡುವುದಕ್ಕೇ ಒಂದೂವರೆ ಗಂಟೆ ತಡ ಮಾಡಿತ್ತು. ಆಗಲೇ ಹನ್ನೆರಡು ದಾಟಿತ್ತು. ಎದೆಗವುಚಿಕೊಂಡಿದ್ದ ಸ್ಟೀಲ್ ಡಬ್ಬಿಯಲ್ಲಿ ಅರಿಶಿನವಿತ್ತು.

ಅದು ಅಂಗಡಿಯ ಅರಿಶಿನವಲ್ಲ. ನನ್ನ ಅಣ್ಣನ ಮಗ ಬುಬಾಯಿಯ ಮೈಗೆ ಬೆಳಿಗ್ಗೆ ಹಚ್ಚಿ ಉಳಿದದ್ದು. ನಮ್ಮಲ್ಲಿ ವರನ ಮೈ ಮುಟ್ಟಿದ ಅರಿಶಿನವೇ ವಧುವಿಗೆ ಹೋಗಬೇಕು. ಅದು ಬರುವ ತನಕ ಹುಡುಗಿ ಹಳದಿ ಸೀರೆಯುಟ್ಟು ಉಪವಾಸ ಕೂತಿರಬೇಕು. ವಧು ಮೊಹರ್ ಧರ್ಮತಲಾದ ಹೋಟೆಲಿನಲ್ಲಿ ಹಾಗೆ ಕೂತಿದ್ದಳು. ಒಂದೂವರೆಯಿಂದ ಕೆಟ್ಟ ಗಳಿಗೆ, ಅದರೊಳಗೆ ಅರಿಶಿನವಾಗಬೇಕು ಎಂದು ಅವರ ಪುರೋಹಿತರು ಪಂಚಾಂಗ ನೋಡಿ ಹೇಳಿದ್ದರು. ಬುಬಾಯಿ ಮತ್ತು ಉಳಿದವರು ಸಂಜೆಯ ವಿಮಾನಕ್ಕೆ ಬರುವವರು.

ಡಬ್ಬಿ ತರಬೇಕಾಗಿದ್ದವಳು ಬುಬಾಯಿಯ ಅತ್ತಿಗೆ. ಆ ಮಹಾತಾಯಿ ಆಧಾರ್ ಕಾರ್ಡನ್ನು ಪೂಜೆಯ ತಟ್ಟೆಯ ಕೆಳಗೆ ಬಿಟ್ಟುಬಂದು ಅಗರ್ತಲಾ ನಿಲ್ದಾಣದ ಬಾಗಿಲಲ್ಲೇ ನಿಂತುಬಿಟ್ಟಳು. ಡಬ್ಬಿ ನನ್ನ ಕೈಗೆ ಬಂತು. ನಾನು ಹೈಮಂತಿ, ಹುಡುಗನ ಪಿಶಿ, ಎಂದರೆ ಸೋದರತ್ತೆ. ಎರಡು ವರ್ಷಕ್ಕೇ ತಾಯಿ ಕಳೆದುಕೊಂಡವನನ್ನು ಇದೇ ಕೋಲ್ಕತ್ತಾದ ಶ್ಯಾಮಬಜಾರಿನ ನನ್ನ ಮನೆಯಲ್ಲಿಟ್ಟುಕೊಂಡು ಸಾಕಿದೆ. ಹನ್ನೊಂದು ವರ್ಷದ ಹಿಂದೆ ಗಂಡ ತೀರಿಕೊಂಡ ಮೇಲೆ ಅಗರ್ತಲಾದ ಅಣ್ಣನ ಮನೆ ಸೇರಿದೆ.

ನನಗೆ ಸಿಕ್ಕಿದ್ದು ಮುದಿ ಹಳದಿ ಟ್ಯಾಕ್ಸಿ. ಡ್ರೈವರ್ ಬಿಂದೇಶ್ವರ್ ಬಿಹಾರದ ಛಪ್ರಾ ಕಡೆಯವನು, ಮೂವತ್ತು ವರ್ಷದಿಂದ ಇದೇ ಕಸುಬು.

"ಡಬ್ಬೀಲೇನು ಮಾಶಿಮಾ, ರಸಗುಲ್ಲಾನಾ?" ವಯಸ್ಸಾದ ಹೆಂಗಸರನ್ನು ಇಲ್ಲಿ ಮಾಶಿಮಾ, ಎಂದರೆ ಚಿಕ್ಕಮ್ಮ, ಎಂದೇ ಕರೆಯುವುದು.

"ಕೋಲ್ಕತ್ತಾಗೆ ಯಾರಾದ್ರೂ ರಸಗುಲ್ಲಾ ಹೊತ್ಕೊಂಡು ಬರ್ತಾರೇನಯ್ಯಾ? ಮದುವೆ ಅರಿಶಿನ. ಒಂದೂವರೆ ಒಳಗೆ ಧರ್ಮತಲಾದಲ್ಲಿರಬೇಕು."

"ಗಾಡಿಗೆ ವಯಸ್ಸಾಗಿದೆ, ಬುದ್ಧಿ ಇನ್ನೂ ಇದೆ. ತಲುಪಿಸ್ತದೆ ಬಿಡಿ."

ಉಲ್ಟಾಡಾಂಗಾ ದಾಟುವಾಗ ಫೋನು ಬಂತು. ನನಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುತ್ತೇನೆ. ಮಾಡಿದ್ದು ಮೊಹರ್‌ಳ ತಾಯಿ ಕಾಕಲಿ.

"ದೀದಿ, ಅರಿಶಿನ ಯಾರ ಕೈಲಿದೆ?"

"ನನ್ನ ಕೈಲೇ. ಬಂದೇಬಿಟ್ಟೆ."

ಕಾಕಲಿ ಫೋನಿಗೆ ಕೈಯಡ್ಡ ಹಿಡಿದಳೆಂದು ಕಾಣುತ್ತದೆ. ಹಿಂದೆ ಹೆಂಗಸರ ಪಿಸುಪಿಸು ಕೇಳಿಸಿತು. ಮಂದ ಕಿವಿಗೂ ಆ ಪಿಸುಪಿಸು ಚೆನ್ನಾಗಿ ಅರ್ಥವಾಗುತ್ತದೆ.

"ತಪ್ಪು ತಿಳ್ಕೋಬೇಡಿ ದೀದಿ. ನಾನೇನು ಇದನ್ನೆಲ್ಲ ನಂಬೋಳಲ್ಲ. ಆದ್ರೆ ನಮ್ಮತ್ತೆ ಇದಾರೆ, ಪುರೋಹಿತರಿದಾರೆ, ಒಬ್ಳೇ ಮಗಳು ಬೇರೆ... ಹೋಟೆಲ್ ಬಾಗಿಲಲ್ಲಿ ಡಬ್ಬಿ ಡ್ರೈವರ್ ಕೈಗೆ ಕೊಡಿ. ಅವನ ಕೈಯಿಂದ ನಾವು ಇಸ್ಕೋತೀವಿ. ನೀವು ಆರಾಮಾಗಿ ರೂಮಿಗೆ ಹೋಗಿ ಮಲಗಿ. ಮೂರನೇ ಮಹಡಿ, ಎಸಿ ಇದೆ."

ಎಸಿ ಇದೆಯಂತೆ! ನನ್ನ ಮೈ ಉರಿದುಹೋಯಿತು. ಆ ಅರಿಶಿನವನ್ನು ನಸುಕಿನಲ್ಲಿ ಕಲ್ಲಿನ ಮೇಲೆ ಅರೆದವಳು ನಾನು. ಐವರು ಮುತ್ತೈದೆಯರು ಹಚ್ಚಲು ನಿಂತಾಗ, "ಪಿಶಿ ಮೊದಲು ಹಚ್ಚದಿದ್ರೆ ನಾನು ಮಣೆ ಮೇಲೆ ಕೂರಲ್ಲ" ಎಂದು ಹಟ ಹಿಡಿದವನು ಬುಬಾಯಿ. ಅಳುತ್ತ ಹಚ್ಚಿದೆ. ಈಗ ಅದನ್ನೇ ಹಿಡಿದುಕೊಂಡು ಬರಲು ನಾನು ಲಾಯಕ್ಕಿಲ್ಲವಂತೆ. ಫೋನಿಟ್ಟುಬಿಟ್ಟೆ, ಬಾಯಿ ಬಿಟ್ಟಿದ್ದರೆ ಮದುವೆಯೇ ನಿಂತುಹೋಗುತ್ತಿತ್ತು.

ಬಿಂದೇಶ್ವರ್ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ.

"ಮಾಶಿಮಾ, ಡ್ರೈವರ್ ಕೈ ಅಂದ್ರೆ ನನ್ನ ಕೈ ತಾನೆ?"

"ಮತ್ತಿನ್ಯಾರದ್ದು?"

"ನನ್ನ ಹೆಂಡ್ತಿ ಸತ್ತು ನಾಲ್ಕು ವರ್ಷ ಆಯ್ತು. ಆಮೇಲೆ ತಂಗಿ ಮಗಳ ಮದುವೇಲಿ ಎಲ್ಲ ಶಾಸ್ತ್ರಕ್ಕೂ ನನ್ನನ್ನೇ ಮುಂದೆ ನಿಲ್ಲಿಸಿದ್ರು. ಯಾರೂ ಏನೂ ಕೇಳ್ಲಿಲ್ಲ."

ನನ್ನ ಸಿಟ್ಟು ದುಪ್ಪಟ್ಟಾಯಿತು. ಪಾಪ, ಅವನ ಮೇಲಲ್ಲ. ಆದರೂ ಅವನ ಮೇಲೇ ರೇಗಿದೆ: "ಬಾಯಿ ಮುಚ್ಕೊಂಡು ಗಾಡಿ ಓಡ್ಸು."

ಮೌಲಾಲಿಯಲ್ಲಿ ಮೆರವಣಿಗೆ. ಯಾವ ಪಕ್ಷದ್ದೋ ಬಾವುಟ, ಯಾರದ್ದೋ ಧಿಕ್ಕಾರ. ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಹನ್ನೆರಡು ಮುಕ್ಕಾಲು ಆಗಿತ್ತು. ಪಕ್ಕದ ರಸ್ತೆಗೆ ತಿರುಗಿಸಲು ಹೇಳಿದೆ.

"ಬೇಡ ಮಾಶಿಮಾ. ಅದರ ಕೊನೇಲಿರೋ ರಸ್ತೆ ಒಂದು ಗಂಟೆಗೆ ಉಲ್ಟಾ ಆಗ್ತದೆ."

ಈ ಊರಿನ ಎಷ್ಟೋ ರಸ್ತೆಗಳು ಮಧ್ಯಾಹ್ನದವರೆಗೆ ಒಂದು ದಿಕ್ಕಿಗೆ ಹರಿದು, ಆಮೇಲೆ ಇನ್ನೊಂದು ದಿಕ್ಕಿಗೆ ತಿರುಗುತ್ತವೆ. ಅದನ್ನು ನನಗೆ ಇವನು ಕಲಿಸಬೇಕೆ?

"ಇಪ್ಪತ್ತು ವರ್ಷ ಇಲ್ಲಿ ಬಾಳಿದೋಳು ನಾನು. ಅದು ತಿರುಗೋದು ಎರಡಕ್ಕೆ. ನಡಿ!"

ರಸ್ತೆಯ ಬಾಯಿಗೆ ಬಂದಾಗ ಒಂದು ಗಂಟೆ ಎರಡು ನಿಮಿಷ. ಬಿಳಿ ಸಮವಸ್ತ್ರದ ಪೊಲೀಸ್ ಕೈಯಡ್ಡ ಹಿಡಿದು ನಿಂತಿದ್ದ. ಅವನ ಬೆನ್ನ ಹಿಂದಿದ್ದ ಬಸ್ಸು, ಟ್ಯಾಕ್ಸಿಗಳೆಲ್ಲ ನಮ್ಮತ್ತಲೇ ಮುಖ ಮಾಡಿದ್ದವು. ರಸ್ತೆ ತಿರುಗುವ ಹೊತ್ತು ಬದಲಾಗಿ ಎಷ್ಟು ವರ್ಷವಾಗಿತ್ತೋ, ನಾನು ಹಳೆಯ ಊರನ್ನೇ ತಲೆಯಲ್ಲಿಟ್ಟುಕೊಂಡಿದ್ದೆ. ನನ್ನ ಮೇಲೇ ಅಸಹ್ಯವಾಯಿತು.

ನಾನು ಹೇಳಿರಲಿಲ್ಲವೇ ಎಂದು ಬಿಂದೇಶ್ವರ್ ಚುಚ್ಚಲಿಲ್ಲ. "ಸುತ್ತಿ ಹೋದ್ರೆ ಮುಕ್ಕಾಲು ಗಂಟೆ. ನಡೆದ್ರೆ ಹತ್ತು ನಿಮಿಷ, ನಿಮ್ಮ ಕಾಲಿಗೆ ಇಪ್ಪತ್ತು. ಗಾಡಿ ಬದಿಗೆ ಹಾಕ್ತೀನಿ. ಡಬ್ಬಿ ನನಗೆ ಕೊಡಿ, ಒಂದೇ ಓಟ."

ಅವನ ಒಳ್ಳೆಯ ಮನಸ್ಸೇ ನನಗೆ ಕಷ್ಟವಾಯಿತು. ಕೊಟ್ಟರೆ ಡಬ್ಬಿ ಹೊತ್ತಿಗೆ ಮುಂಚೆ ತಲುಪುತ್ತದೆ. ಕೊಡದೆ ನಾನು ತಡ ಮಾಡಿದರೆ, ಅಪಶಕುನದ ಹೆಂಗಸು ತಂದಳು, ಗಳಿಗೆಯೂ ಮೀರಿತು ಎಂದು ಸಾಯುವವರೆಗೂ ಆಡಿಕೊಳ್ಳುತ್ತಾರೆ. ಮೊಹರ್‌ಗೆ ನಾಳೆ ನೆಗಡಿಯಾದರೂ ಅದು ನನ್ನ ಕೈಯಿಂದಲೇ ಆದದ್ದು. ಅವನು ಕೈ ಚಾಚಿದ್ದ. ಆ ಕೈಯಲ್ಲಿ ತಪ್ಪೇನೂ ಇರಲಿಲ್ಲ. ನನ್ನ ಕೈಯಲ್ಲೂ ಇರಲಿಲ್ಲ.

"ನೀನು ಸೂಟ್‌ಕೇಸ್ ತಗೊಂಡು ಸುತ್ತಿ ಬಾ" ಎಂದು ಇಳಿದುಬಿಟ್ಟೆ.

ನಡೆದೆ. ಮಂಡಿ ಪ್ರತಿ ಹೆಜ್ಜೆಗೂ ಬೈಯುತ್ತಿತ್ತು, ನಾನೂ ಬೈಯುತ್ತಿದ್ದೆ: ವಿಮಾನವನ್ನು, ಮೆರವಣಿಗೆಯನ್ನು, ಪುರೋಹಿತರನ್ನು, ಹನ್ನೊಂದು ವರ್ಷದಿಂದ ಪ್ರತಿ ಮದುವೆಯಲ್ಲೂ ಮುಗುಳ್ನಗುತ್ತ ಹಿಂದಿನ ಸಾಲಿಗೆ ಸರಿದ ನನ್ನನ್ನೂ. ಫುಟ್‌ಪಾತಿನ ಬಟ್ಟೆ ಅಂಗಡಿಯವನು "ಬನ್ನಿ ದೀದಿ, ನೈಟಿ" ಎಂದು ಅಡ್ಡ ಬಂದ. ನನ್ನ ಮುಖ ನೋಡಿ ಹಿಂದಕ್ಕೆ ಸರಿದ.

ಹೋಟೆಲಿನ ಹಾಲ್ ಮುಟ್ಟಿದಾಗ ಒಂದು ಇಪ್ಪತ್ತೆರಡು. ಮಣೆಯ ಮೇಲೆ ಮೊಹರ್, ಬಾಡಿದ ಮುಖ. ಪಕ್ಕದ ಮೇಜಿನ ಮೇಲೆ ನಮ್ಮ ಕಡೆಯಿಂದ ಇಲ್ಲಿನ ಅಂಗಡಿಗೇ ಹೇಳಿ ಕಳಿಸಿದ್ದ ದೊಡ್ಡ ರೋಹು ಮೀನು, ಶಾಸ್ತ್ರದಂತೆ ಕೆಂಪು ಸೀರೆಯುಟ್ಟು ಮೂಗುತಿ ಹಾಕಿಕೊಂಡು ಮಲಗಿತ್ತು. ಸತ್ತ ಮೀನು ಶುಭ, ಬದುಕಿರುವ ನಾನು ಅಶುಭ. ಭಲೇ ಶಾಸ್ತ್ರ!

ಕಾಕಲಿ ತಟ್ಟೆ ಹಿಡಿದು ಬಂದವಳು ನನ್ನ ಹೆಗಲಾಚೆ ಇಣುಕಿದಳು. "ಡ್ರೈವರ್ ಎಲ್ಲಿ ದೀದಿ?"

"ಬರ್ತಿದಾನೆ. ಅವನ ಹೆಂಡ್ತಿ ಸತ್ತು ನಾಲ್ಕು ವರ್ಷ ಆಯ್ತಂತೆ ಕಾಕಲಿ. ಅವನ ಕೈ ಆಗುತ್ತೆ, ನನ್ನ ಕೈ ಆಗಲ್ಲ. ಯಾಕೆ ಅಂತ ಹೇಳಿಬಿಡು, ಡಬ್ಬಿ ಇಲ್ಲೇ ಇಟ್ಟು ಮೂರನೇ ಮಹಡಿಗೆ ಹೋಗ್ತೀನಿ."

ಕಾಕಲಿ ತಿರುಗಿ ಅತ್ತೆಯ ಕಡೆ ನೋಡಿದಳು. ದೂರದ ಮೂಲೆಯ ಕುರ್ಚಿಯಲ್ಲಿ ಬಿಳಿ ಸೀರೆಯುಟ್ಟು ಕೂತಿದ್ದ ಅವಳ ಅತ್ತೆ ಮಾತಾಡಿದರು. "ಗಂಡಸರದ್ದು ಬೇರೆ ಕಣಮ್ಮ. ನನ್ನ ಮೊಮ್ಮಗಳೇ ಅವಳು, ನಾನೂ ದೂರ ಕೂತಿಲ್ವಾ?"

"ಕೂತಿದೀರಿ. ಅದನ್ನ ನೋಡಿ ನನಗೆ ಇನ್ನೂ ಸಿಟ್ಟು ಬಂತು" ಎಂದೆ. ಉಳಿದವರತ್ತ ತಿರುಗಿದೆ. "ಎಲ್ರೂ ಕೇಳಿ. ಈ ಅರಿಶಿನ ಅರೆದೋಳು ನಾನು. ಬುಬಾಯಿ ಕೆನ್ನೆಗೆ ಮೊದಲು ಹಚ್ಚಿದೋಳೂ ನಾನೇ. ಅವನ ಮೈ ಮುಟ್ಟಿದ್ದು ಇದೊಂದೇ ಇರೋದು. ಬೇಡವಾ? ಹೋಟೆಲ್ ಅಡುಗೆಮನೆಯಿಂದ ಮೀನುಸಾರಿನ ಅರಿಶಿನ ತರಿಸಿ ಹಚ್ಚಿ."

ಗೋಡೆಯ ಗಡಿಯಾರ ಒಂದು ಇಪ್ಪತ್ತಾರು ತೋರಿಸುತ್ತಿತ್ತು.

"ಅಮ್ಮಾ, ನಸುಕಿನಿಂದ ಹಸಿದು ಕೂತಿದೀನಿ" ಎಂದಳು ಮೊಹರ್. "ಅರಿಶಿನ ಹಚ್ಚೋದಾದ್ರೆ ಹಚ್ಚಿ, ಇಲ್ಲದಿದ್ರೆ ನನಗೆ ಲುಚಿ ಪೂರಿ ತರಿಸಿ. ಪಿಶಿ, ಬನ್ನಿ ಇಲ್ಲಿ." ಕೆನ್ನೆ ನನ್ನತ್ತ ತಿರುಗಿಸಿದಳು.

ಮುಚ್ಚಳ ತೆಗೆದು ಹಚ್ಚಿದೆ. ಸಿಟ್ಟಿನ ಭರಕ್ಕೆ ಅವಳ ಕಿವಿಗೂ ಮೆತ್ತಿಕೊಂಡಿತು. ಅರಿಶಿನ ಮೈಗೆ ತಾಗಿದ ಕೂಡಲೇ ಹೆಂಗಸರು ನಾಲಿಗೆ ಹೊರಳಿಸಿ ಉಲು ಹಾಕಬೇಕು. ಮುತ್ತೈದೆಯರಿಗೆ ಮೀಸಲಾದ ದನಿ ಅದು. ಹಾಲ್ ತುಂಬ ಮುತ್ತೈದೆಯರಿದ್ದರು. ಒಬ್ಬಳೂ ಬಾಯಿ ತೆರೆಯಲಿಲ್ಲ.

ಹೆಣ್ಣಿನ ಅರಿಶಿನ ಮೂಕವಾಗಿ ಮುಗಿಯಲು ಬಿಡುವವಳಲ್ಲ ನಾನು. ಹನ್ನೊಂದು ವರ್ಷದಿಂದ ಮುಚ್ಚಿದ್ದ ಗಂಟಲು, ಮೊದಲು ಕೆಮ್ಮು ಬಂತು. ಆಮೇಲೆ ಉಲು ಬಂತು, ಒರಟಾಗಿ, ಜಗಳದ ದನಿಯಲ್ಲಿ. ಎರಡನೇ ಸಲ ಹಾಕಿದಾಗ ಮೂಲೆಯ ಕುರ್ಚಿಯಿಂದ ಇನ್ನೊಂದು ದನಿ ಸೇರಿಕೊಂಡಿತು. ತಿರುಗಿ ನೋಡಿದರೆ, ಬಿಳಿ ಸೀರೆಯ ಮುದುಕಿ ಹಲ್ಲಿಲ್ಲದ ಬಾಯಲ್ಲಿ ನಾಲಿಗೆ ಹೊರಳಿಸುತ್ತಿದ್ದರು.