ನೀರು ಬರುತ್ತಿದೆ, ನೀರು ಬರುತ್ತಿಲ್ಲ

ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ದೋಣಿ ನದಿಯ ನಡುವೆ ನಿಂತಿತು. ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ದಾಟಿತ್ತು. ದೋಣಿಯೊಳಗೆ ಪಾದ ಮುಳುಗುವಷ್ಟು ನೀರಿತ್ತು. ದೋಣಿಯಲ್ಲಿದ್ದವಳು ಅದನ್ನು ನಡೆಸುವ ಅಕ್ಕ ಒಬ್ಬಳೇ; ಇಂಜಿನ್ ಹೇಗಿದೆ ಎಂದು ಓಡಿಸಿ ನೋಡಲು ಹೊರಟಿದ್ದಳು.

ಅವಳನ್ನು ಎರಡೂ ದಡದವರು ಅಕ್ಕ ಎಂದೇ ಕರೆಯುತ್ತಾರೆ, ಅವಳ ಗಂಡ ಒಬ್ಬನನ್ನು ಬಿಟ್ಟು. ಹನ್ನೊಂದು ವರ್ಷಗಳಿಂದ ಈ ದಡದಿಂದ ಆ ದಡಕ್ಕೆ ದಿನಕ್ಕೆ ಆರು ಸಲ ಜನರನ್ನು ದಾಟಿಸುತ್ತಿದ್ದಾಳೆ. ಆ ದಿನ ಅವಳ ಪರವಾನಗಿಯ ಕೊನೆಯ ದಿನ. ಹನ್ನೊಂದು ಗಂಟೆಗೆ ಇನ್‌ಸ್ಪೆಕ್ಟರ್ ಬಂದು ದೋಣಿ ನೋಡುವುದಿತ್ತು. ಅವರು ಒಪ್ಪದಿದ್ದರೆ ಮರುದಿನದಿಂದ ಆ ದಾರಿ ಎದುರು ದಡದ ದೊಡ್ಡ ದೋಣಿಯವರ ಪಾಲಾಗುತ್ತಿತ್ತು. ದೊಡ್ಡ ದೋಣಿಯವರು ಅರ್ಜಿ ಹಾಕಿ ಎರಡು ವಾರವಾಗಿತ್ತು.

ಅಕ್ಕ ಹುಟ್ಟು ಹಾಕಿಕೊಂಡು ಜೆಟ್ಟಿ ಮುಟ್ಟಲು ನಲವತ್ತು ನಿಮಿಷ ಬೇಕಾಯಿತು.

ದೋಣಿಗೆ ಇಬ್ಬರು ದಿಕ್ಕು. ಇಂಜಿನ್ ನೋಡಿಕೊಳ್ಳುವವನು ಅವಳ ಗಂಡ, ಮೆಕ್ಯಾನಿಕ್. ಮರದ ಕೆಲಸ ನೋಡಿಕೊಳ್ಳುವವನು ಅವಳ ತಮ್ಮ, ಬಡಗಿ. ದೋಣಿಯನ್ನು ಕಟ್ಟಿದವನೂ ಅವನೇ. ಈ ಭಾವ, ಭಾವಮೈದುನ ನಾಲ್ಕು ತಿಂಗಳಿಂದ ಮಾತು ಬಿಟ್ಟಿದ್ದರು. ಕಾರಣ ಒಂದು ತೂತು.

ಆ ಇಂಜಿನ್ ನದಿಯ ನೀರನ್ನು ಹೀರಿಕೊಂಡು, ಮೈ ತಂಪು ಮಾಡಿಕೊಂಡು, ಹಿಂಬದಿಯ ತೂತಿನಿಂದ ಹೊರಗೆ ಉಗುಳುತ್ತದೆ. ಹೊಸ ಇಂಜಿನ್ ಕೂರಿಸುವಾಗ ಮೆಕ್ಯಾನಿಕ್ ಆ ತೂತನ್ನು ಬಡಗಿಗೆ ಹೇಳದೆ ಕೊರೆದಿದ್ದ.

'ಏಳು ತಿಂಗಳು ಕೂತು ಕಟ್ಟಿದ ದೋಣಿಗೆ ತೂತು ಕೊರೆಯೋಕೆ ಭಾವ ಯಾರಕ್ಕ?' ಎಂದು ಬಡಗಿ ಅಕ್ಕನನ್ನು ಕೇಳಿದ್ದ. ಭಾವ ಪಕ್ಕದಲ್ಲೇ ನಿಂತಿದ್ದ.

'ತೂತಿಲ್ಲದೆ ಇಂಜಿನ್ ಎಲ್ಲಿಗೆ ಉಗುಳಬೇಕಂತೆ? ನನ್ನ ಬಾಯಿಗಾ? ಕೇಳೇ ನಿನ್ನ ತಮ್ಮನ್ನ,' ಎಂದಿದ್ದ ಮೆಕ್ಯಾನಿಕ್.

ಅಂದಿನಿಂದ ಮೆಕ್ಯಾನಿಕ್ ಬೆಳಿಗ್ಗೆ ಕೆಲಸ ಮಾಡುತ್ತಿದ್ದ, ಬಡಗಿ ಮಧ್ಯಾಹ್ನದ ಮೇಲೆ. ಇಬ್ಬರೂ ಒಂದೇ ಹೊತ್ತಿನಲ್ಲಿ ದೋಣಿಗೆ ಕಾಲಿಡುತ್ತಿರಲಿಲ್ಲ. ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ಮುಟ್ಟಿಸಿ ಸಾಕಾಗಿ ಅಕ್ಕ ಶೆಡ್ಡಿನ ಗೋಡೆಗೆ ಒಂದು ಹಳೆಯ ಕರಿಹಲಗೆ ನೇತುಹಾಕಿ ಸೀಮೆಸುಣ್ಣ ಇಟ್ಟಿದ್ದಳು. ಏನಿದ್ದರೂ ಬರೆದು ಸಾಯಿರಿ ಎಂದು ಹೇಳಿದ್ದಳು. ಮೂರು ವಾರದ ಹಿಂದೆ ಇಂಜಿನ್ ಕಾಯಲು ಶುರುವಾದಾಗ, ಅದೇ ವಾರ ದೋಣಿಯಲ್ಲಿ ನೀರೂ ಕಾಣಿಸಿಕೊಂಡಾಗ, ಇಬ್ಬರೂ ಬರೆಯತೊಡಗಿದರು. ನಾಲ್ಕು ದಿನಗಳಿಂದ ಜನರನ್ನು ಹತ್ತಿಸುವುದನ್ನೂ ನಿಲ್ಲಿಸಲಾಗಿತ್ತು. ನದಿ ದಾಟಬೇಕಾದವರು ಸೇತುವೆಯ ಬಸ್ಸಿನಲ್ಲಿ ಒಂದೂವರೆ ಗಂಟೆ ಸುತ್ತಿಕೊಂಡು ಹೋಗುತ್ತಿದ್ದರು.

ಅಕ್ಕ ಒದ್ದೆ ಕಾಲಿನಲ್ಲಿ ಶೆಡ್ಡಿಗೆ ಹೋಗಿ ಕರಿಹಲಗೆಯನ್ನು ಮೊದಲ ಬಾರಿಗೆ ಮೇಲಿನಿಂದ ಕೆಳಗಿನವರೆಗೆ ಓದಿದಳು.

ಮೊದಲ ಸಾಲು ಮೆಕ್ಯಾನಿಕ್‌ನದು: 'ನೀರು ಬರುತ್ತಿಲ್ಲ.'

ಕೆಳಗೆ ಬಡಗಿಯದು: 'ಒಳ್ಳೆಯದಾಯಿತು.'

ಅದರ ಕೆಳಗೆ ಮೆಕ್ಯಾನಿಕ್ ಏನೋ ಬರೆದು ತಾನೇ ಅಳಿಸಿದ್ದ. ಮೂರು ದಿನ ಬಿಟ್ಟು: 'ಪಂಪಿನ ರಬ್ಬರ್ ಬದಲಾಯಿಸಿದೆ. ಈಗ ನೀರು ಬರುತ್ತಿದೆ, ಸ್ವಲ್ಪ.' ಅದನ್ನು ಓದಿದ ಬಡಗಿ ಎರಡು ದಿನ ಕೂತು ದೋಣಿಯ ಹೊರಮೈಯ ಅಷ್ಟೂ ಸಂದುಗಳನ್ನು ಕೆದಕಿ ಹೊಸದಾಗಿ ಮೇಣ ತುಂಬಿದ್ದ. ದೋಣಿಯನ್ನು ಜೆಟ್ಟಿಗೆ ಕಟ್ಟಿ ಒಂದು ದಿನ ಕಾದು ನೋಡಿ ಬರೆದಿದ್ದ: 'ನೀರು ಬರುತ್ತಿಲ್ಲ. ಒಂದು ಹನಿಯೂ ಇಲ್ಲ.' ಅದನ್ನು ಓದಿದ ಮೆಕ್ಯಾನಿಕ್ ಪಂಪನ್ನು ಮತ್ತೆ ಬಿಚ್ಚಿ ಹಾಕಿದ್ದ. ಹೀಗೆ ಹಲಗೆ ತುಂಬಿತ್ತು.

ಅಕ್ಕ ಎರಡು ಸಲ ಓದಿದಳು. ಆಮೇಲೆ ಇಬ್ಬರಿಗೂ ಫೋನ್ ಮಾಡಿದಳು. ಇಬ್ಬರಿಗೂ ಹೇಳಿದ್ದು ಒಂದೇ ಮಾತು: 'ಅರ್ಧ ಗಂಟೆಯಲ್ಲಿ ಇಲ್ಲಿರಬೇಕು. ಇನ್ನೊಬ್ಬರೂ ಇರ್ತಾರೆ.'

ಎಂಟೂವರೆಗೆ ಇಬ್ಬರೂ ಬಂದರು. ಮೆಕ್ಯಾನಿಕ್ ಹಿಂದಿನಿಂದ ಹತ್ತಿದ, ಬಡಗಿ ಮುಂದಿನಿಂದ.

'ಇವಳೇ, ನಿನ್ನ ತಮ್ಮನಿಗೆ ಹೇಳು, ಇಂಜಿನ್ ಹತ್ತಿರ ಬರಬೇಡ ಅಂತ.'

'ಅಕ್ಕ, ಭಾವನಿಗೆ ಹೇಳು, ಡ್ರಿಲ್ ತಂದಿದ್ರೆ ದಡದಲ್ಲೇ ಇಟ್ಟು ಬರಲಿ.'

'ನಾನು ಚುಕ್ಕಾಣಿ ಹಿಡೀಬೇಕು,' ಎಂದಳು ಅಕ್ಕ. 'ಅಂಚೆ ಬಟವಾಡೆ ಇವತ್ತಿಗೆ ಬಂದ್. ರೀ, ನೀವು ಹಿಂದೆ ಬಗ್ಗಿ ಆ ತೂತು ನೋಡ್ತಿರಿ. ಲೋ, ನೀನು ಇಲ್ಲಿ ಕೂತು ನೆಲ ನೋಡು. ಬಾಯಿ ಬಿಡೋದಾದ್ರೆ ನೇರ ಬಿಡಿ.'

ಒಳಗಿದ್ದ ನೀರನ್ನು ಬಕೆಟ್ಟಿನಲ್ಲಿ ಹೊರಹಾಕಿ, ನೆಲ ಒರೆಸಿ, ಇಂಜಿನ್ ಶುರು ಮಾಡಿದರು. ದೋಣಿ ಜೆಟ್ಟಿಯಿಂದ ನೂರು ಅಡಿ ಹೋಯಿತು. ಇಂಜಿನ್ ಸದ್ದಿನಲ್ಲಿ ಮೆಲ್ಲಗೆ ಆಡಿದ ಮಾತು ಕೇಳುವಂತಿರಲಿಲ್ಲ.

'ನೀರು ಬರ್ತಿಲ್ಲ!' ಹಿಂದಿನಿಂದ ಮೆಕ್ಯಾನಿಕ್ ಕೂಗಿದ.

'ಬರ್ತಿದೆ!' ಕೂತಲ್ಲಿಂದ ಬಡಗಿ ಕೂಗಿದ.

'ಬರ್ತಿಲ್ಲ ಅಂದ್ರೆ ಬರ್ತಿಲ್ಲ!'

'ಕಾಲೆಲ್ಲ ಒದ್ದೆ ಆಯ್ತು ಭಾವ! ಕಣ್ಣು ಎಲ್ಲಿಟ್ಟಿದ್ದೀರಿ?'

'ತೂತಿನ ಮೇಲೇ ಇಟ್ಟಿದ್ದೀನಿ! ಒಣಗಿ ನಿಂತಿದೆ!'

ನಾಲ್ಕು ತಿಂಗಳಲ್ಲಿ ಅವರು ನೇರವಾಗಿ ಆಡಿದ ಮೊದಲ ಮಾತು ಇದು. ಅಕ್ಕ ಇಂಜಿನ್ ನಿಲ್ಲಿಸಿದಳು. ದೋಣಿ ತೇಲುತ್ತ ನಿಂತಿತು.

'ಎಲ್ಲಿ ಬರ್ತಿಲ್ಲ?' ಎಂದು ಗಂಡನನ್ನು ಕೇಳಿದಳು.

'ಹೊರಗೆ.'

'ಎಲ್ಲಿ ಬರ್ತಿದೆ?' ಎಂದು ತಮ್ಮನನ್ನು ಕೇಳಿದಳು.

'ಒಳಗೆ.' ಬಡಗಿ ನೆಲ ನೋಡಿದ. 'ಬರ್ತಿತ್ತು. ಈಗ ನಿಂತಿದೆ.'

ಮೆಕ್ಯಾನಿಕ್ ಹಿಂಬದಿಯಿಂದ ಎದ್ದು ಬಂದು ಬಡಗಿಯ ಎದುರು ಕುಕ್ಕರಗಾಲಲ್ಲಿ ಕೂತ.

'ನೀನು ಹಲಗೆ ಮೇಲೆ ನೀರು ಬರ್ತಿಲ್ಲ ಅಂತ ಬರೆದದ್ದು...'

'ದೋಣಿ ಒಳಗೆ. ಮತ್ತೆ ನೀವು ಬರೆದದ್ದು?'

'ಇಂಜಿನ್ನಿಂದ ಹೊರಗೆ.' ಮೆಕ್ಯಾನಿಕ್ ಮೂಗು ಒರೆಸಿಕೊಂಡ. 'ನೀನು ಒಳ್ಳೆಯದಾಯಿತು ಅಂತ ಬರೆದಾಗ ನನಗೆ ಎರಡು ದಿನ ಊಟ ಸೇರಲಿಲ್ಲ ಕಣೋ.'

'ಸೇರಿತ್ತು,' ಎಂದಳು ಅಕ್ಕ.

ಹೊರಗೆ ಹೋಗಬೇಕಾದ ನೀರೇ ಒಳಗೆ ಸುರಿಯುತ್ತಿದೆ ಎಂದು ತಿಳಿಯಲು ಆಮೇಲೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಕ್ಕ ಇಂಜಿನ್ ಮತ್ತೆ ಶುರು ಮಾಡಿದಳು. ಬಡಗಿ ನೆಲದ ಹಲಗೆಗಳ ಮೇಲೆ ಒಂದೊಂದಾಗಿ ಅಂಗೈ ಊರಿದ. ಐದನೆಯ ಹಲಗೆ ಅಡಿಯಿಂದ ಅದುರುತ್ತಿತ್ತು. ಇಂಜಿನ್ ನಿಲ್ಲಿಸಿ ಹಲಗೆ ಎತ್ತಿದಾಗ ಪಂಪಿನಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಪೈಪು ಕಾಣಿಸಿತು. ಅದರಲ್ಲಿ ಕಿರುಬೆರಳುದ್ದದ ಸೀಳು. ಪಂಪು ತಿರುಗುವಾಗ ಮಾತ್ರ ಆ ಪೈಪಿನಲ್ಲಿ ನೀರು ಓಡುತ್ತದೆ. ಕಟ್ಟಿಹಾಕಿದ ದೋಣಿ ಒಣಗಿದ್ದುದು ಅದಕ್ಕೇ.

ಸೀಳಿನ ನೇರಕ್ಕೆ, ಹಲಗೆಯ ಅಡಿಯಲ್ಲಿ, ಒಂದು ಸ್ಕ್ರೂವಿನ ಮೊನೆ ಇಣುಕುತ್ತಿತ್ತು.

ಸ್ಕ್ರೂ ಬಡಗಿಯದು. ತಿಂಗಳ ಹಿಂದೆ ಆ ಹಲಗೆ ಸಡಿಲವಾಗಿತ್ತೆಂದು ಮೇಲಿನಿಂದಲೇ ಬಿಗಿಮಾಡಿದ್ದ. ಒಂದು ಇಂಚಿನದು ಸಾಕಿತ್ತು. ಹಾಕಿದ್ದು ಒಂದೂವರೆ ಇಂಚಿನದು.

'ಅಡೀಲಿ ಪೈಪು ಹಾಕಿದ್ದೀರಿ ಅಂತ ನನಗೆ ಹೇಗೆ ಗೊತ್ತಾಗಬೇಕು?'

'ಕೇಳಿದ್ರೆ ಗೊತ್ತಾಗ್ತಿತ್ತು.'

'ಮಾತು ಬಿಟ್ಟವರನ್ನ ಹೇಗೆ ಕೇಳೋದು?'

'ಮೊದಲು ಬಿಟ್ಟದ್ದು ಯಾರು?'

'ಗಂಟೆ ಒಂಬತ್ತೂ ಐದು,' ಎಂದಳು ಅಕ್ಕ.

ಹುಟ್ಟು ಹಾಕಿ ಜೆಟ್ಟಿಗೆ ಮರಳಿದರು. ಹೊಸ ಪೈಪು ಪೇಟೆಯಿಂದ ಬರಬೇಕು, ಮಧ್ಯಾಹ್ನವಾಗುತ್ತದೆ. ಸೀಳಿದ ಭಾಗವನ್ನು ಕತ್ತರಿಸಿ ತೆಗೆದು, ನಡುವೆ ಒಂದು ಹಿತ್ತಾಳೆ ಕೊಳವೆ ತೂರಿಸಿ, ಎರಡು ತುದಿಗೂ ಕ್ಲಿಪ್ಪು ಬಿಗಿಯುವುದೆಂದು ಮೆಕ್ಯಾನಿಕ್ ಹೇಳಿದ. ಹಿತ್ತಾಳೆ ಕೊಳವೆ ಅವನ ಡಬ್ಬಿಯಲ್ಲಿತ್ತು. ಆ ಅಳತೆಯ ಕ್ಲಿಪ್ಪು ಒಂದೇ ಇತ್ತು. ಬಡಗಿ ಅಕ್ಕನ ಮನೆಗೆ ಸೈಕಲ್ ಹೊಡೆದು, ಬಟ್ಟೆ ಒಗೆಯುವ ಮಷಿನ್ನಿನ ಪೈಪಿನಿಂದ ಒಂದು ಕ್ಲಿಪ್ಪು ಬಿಚ್ಚಿಕೊಂಡು ಬಂದ. ಅದು ಸರಿಹೋಯಿತು. ಮಷಿನ್ನಿನ ಪೈಪಿಗೆ ಬದಲಿಗೆ ದಾರ ಸುತ್ತಿ ಬಂದಿರುವುದಾಗಿ ಹೇಳಿದ. ಐದನೆಯ ಹಲಗೆಗೆ ಈ ಸಲ ಮುಕ್ಕಾಲು ಇಂಚಿನ ಸ್ಕ್ರೂ ಹಾಕಿದ. ಹಾಕುವ ಮೊದಲು ಅದನ್ನು ಭಾವನಿಗೆ ತೋರಿಸಿದ.

ಹತ್ತು ನಲವತ್ತಕ್ಕೆ ಇನ್‌ಸ್ಪೆಕ್ಟರ್ ಬಂದರು, ಹೇಳಿದ್ದಕ್ಕಿಂತ ಇಪ್ಪತ್ತು ನಿಮಿಷ ಮೊದಲು. ಕಂಕುಳಲ್ಲಿ ಫೈಲು ಮತ್ತು ಅಂದಿನ ಪತ್ರಿಕೆ ಇದ್ದವು. ತೇಲುವ ಜಾಕೆಟ್ಟುಗಳನ್ನು ಎಣಿಸಿದರು. ಬೆಂಕಿ ಆರಿಸುವ ಸಿಲಿಂಡರಿನ ತಾರೀಖು ಓದಿದರು. ಆಮೇಲೆ ಇಂಜಿನ್ ಶುರು ಮಾಡಿಸಿ, ಪೆನ್ನಿನ ಮುಚ್ಚಳ ತೆಗೆದು ಕೇಳಿದರು:

'ನೀರು ಬರ್ತಿದೆಯಾ?'

'ಬರ್ತಿದೆ ಸಾರ್,' ಎಂದ ಮೆಕ್ಯಾನಿಕ್.

'ಇಲ್ಲ ಸಾರ್, ಬರ್ತಿಲ್ಲ,' ಎಂದ ಬಡಗಿ.

ಎರಡೂ ಉತ್ತರಗಳು ಒಟ್ಟಿಗೇ ಬಂದವು. ಪೆನ್ನು ಕಾಗದದ ಮೇಲೆ ನಿಂತಿತು. ಇನ್‌ಸ್ಪೆಕ್ಟರ್ ಇಬ್ಬರನ್ನೂ ನೋಡಿ, ಅಕ್ಕನ ಕಡೆ ತಿರುಗಿದರು.

'ಇವರಲ್ಲಿ ಸುಳ್ಳು ಹೇಳ್ತಿರೋದು ಯಾರಮ್ಮ?'

'ಯಾರೂ ಅಲ್ಲ ಸಾರ್. ಹೊರಗೆ ಬರಬೇಕು, ಬರ್ತಿದೆ. ಒಳಗೆ ಬರಬಾರದು, ಬರ್ತಿಲ್ಲ.'

'ಬಾಯಿಮಾತಲ್ಲಿ ಎಲ್ಲ ದೋಣಿನೂ ತೇಲುತ್ತೆ,' ಎಂದರು ಇನ್‌ಸ್ಪೆಕ್ಟರ್.

ನೆಲವನ್ನು ಬಟ್ಟೆಯಿಂದ ಇನ್ನೊಮ್ಮೆ ಒರೆಸಲು ಹೇಳಿ, ತಮ್ಮ ಪತ್ರಿಕೆಯನ್ನು ಬಿಡಿಸಿ, ಇಂಜಿನ್ ಪೆಟ್ಟಿಗೆಯಿಂದ ಮುಂದಿನ ಸೀಟಿನವರೆಗೆ ಹಾಳೆ ಹಾಳೆಯಾಗಿ ಹಾಸಿದರು. ಅಕ್ಕನಿಗೆ ಆ ದಡ ಮುಟ್ಟಿ ವಾಪಸ್ ಬರಲು ಹೇಳಿದರು. ಒಟ್ಟು ಇಪ್ಪತ್ತಾರು ನಿಮಿಷ. ಅಷ್ಟೂ ಹೊತ್ತು ಬಡಗಿ ಹಾಳೆಗಳನ್ನು ನೋಡುತ್ತಿದ್ದ, ಮೆಕ್ಯಾನಿಕ್ ಹಿಂಬದಿಯ ತೂತನ್ನು ನೋಡುತ್ತಿದ್ದ, ಅಕ್ಕ ಬಿಸಿ ತೋರಿಸುವ ಮುಳ್ಳನ್ನು ನೋಡುತ್ತಿದ್ದಳು. ನಡು ನದಿಯಲ್ಲಿ ಬಡಗಿ ಒಂದೇ ಒಂದು ಸಲ ಬಾಯಿ ತೆರೆದ.

'ಭಾವ, ಆ ತೂತು ಇನ್ನೊಂದು ಇಂಚು ಮೇಲಿದ್ದಿದ್ರೆ ಚೆನ್ನಾಗಿತ್ತು.'

'ಮುಂದಿನ ಸಲ ನೀನೇ ಗುರುತು ಹಾಕಿಕೊಡು,' ಎಂದ ಮೆಕ್ಯಾನಿಕ್, ತಲೆ ಎತ್ತದೆ.

ಜೆಟ್ಟಿಗೆ ಬಂದ ಮೇಲೆ ಇನ್‌ಸ್ಪೆಕ್ಟರ್ ಹಾಳೆಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಕ್ರೀಡಾಪುಟದ ಒಂದು ಮೂಲೆಯಲ್ಲಿ ಒದ್ದೆ ಇತ್ತು. ಅದು ತನ್ನ ಚಪ್ಪಲಿಯದು ಎಂದು ಬಡಗಿ ಹೇಳಿದ. ಇನ್‌ಸ್ಪೆಕ್ಟರ್ ಚಪ್ಪಲಿ ನೋಡಿದರು, ಗುರುತು ಹೊಂದಿಸಿ ನೋಡಿದರು, ಒಪ್ಪಿದರು.

ಪರವಾನಗಿ ವರ್ಷಕ್ಕಲ್ಲ, ಆರು ತಿಂಗಳಿಗೆ ಸಿಕ್ಕಿತು. ಷರಾ ಎಂಬಲ್ಲಿ 'ಪೈಪು ಪೂರ್ತಿ ಬದಲಿಸತಕ್ಕದ್ದು' ಎಂದಿತ್ತು. ಹನ್ನೆರಡೂವರೆಗೆ ಅಕ್ಕ ಒಂಬತ್ತು ಜನರನ್ನು ಹತ್ತಿಸಿಕೊಂಡು ಹೊರಟಳು. ಹೋಗುವ ಮೊದಲು ಕರಿಹಲಗೆ ಒರೆಸಿದಳು, ಸೀಮೆಸುಣ್ಣವನ್ನು ನದಿಗೆ ಎಸೆದಳು.

ಸಂಜೆ ಆರೂಕಾಲಿಗೆ ಅವಳ ಮನೆಯ ಬಚ್ಚಲಲ್ಲಿ ಬಟ್ಟೆ ಒಗೆಯುವ ಮಷಿನ್ನಿನ ಪೈಪು ಕಳಚಿಕೊಂಡು ನೀರು ಪಡಸಾಲೆಯವರೆಗೆ ಬಂತು. ನೆಲ ಒರೆಸಲು ಇಬ್ಬರೂ ಬಂದರು.