ಫೈಲಿಗೆ ಹಾಕಬೇಡಿ

ಆಫೀಸಿನಲ್ಲಿ ನನ್ನನ್ನು ‘ಸವಿನಯ ಮೇಡಂ’ ಎನ್ನುತ್ತಾರೆ. ನನ್ನ ಕಿವಿಗೆ ಬಿದ್ದಿಲ್ಲ ಎಂದುಕೊಂಡಿದ್ದಾರೆ, ಪಾಪ. ಹತ್ತೊಂಬತ್ತು ವರ್ಷಗಳಿಂದ ಕಂಪನಿಯ ಪತ್ರಗಳನ್ನೆಲ್ಲ ಬರೆಯುವವಳು ನಾನೇ. ‘ಈ ಮೂಲಕ ತಮ್ಮಲ್ಲಿ ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ’ ಎಂದು ಶುರುವಾಗದ ಪತ್ರ ನನ್ನ ಮೇಜಿನಿಂದ ಹೊರಗೆ ಹೋದದ್ದಿಲ್ಲ. ಹೊಸಬರು ಯಾರಾದರೂ ಇಷ್ಟುದ್ದ ಯಾಕೆ ಎಂದು ಕೇಳಿದರೆ ಸಾಕು, ಮೂಗಿನ ತುದಿಯಲ್ಲೇ ಇರುವ ನನ್ನ ಕೋಪ ನಾಲಗೆಗೆ ಇಳಿಯುತ್ತಿತ್ತು. ಮರ್ಯಾದೆಗೆ ಅಷ್ಟು ಜಾಗ ಬೇಕು ಎನ್ನುತ್ತಿದ್ದೆ.

ನಮ್ಮ ಕಂಪನಿ ಮಾಡುವುದು ಆಗತಾನೇ ಹುಟ್ಟಿದ ಮಕ್ಕಳನ್ನು ಬೆಚ್ಚಗಿಡುವ ಯಂತ್ರ. ಆಸ್ಪತ್ರೆಯವರು ವಾರ್ಮರ್ ಎನ್ನುತ್ತಾರೆ. ಮೇಲೆ ಹೀಟರು, ಕೆಳಗೆ ಮೊಣಕೈ ಉದ್ದದ ಹಾಸಿಗೆ, ಪಕ್ಕದಲ್ಲಿ ಬಿಸಿ ಎಷ್ಟಿದೆಯೆಂದು ತೋರಿಸುವ ಪರದೆ. ಒಂದು ಸೋಮವಾರ ನಮ್ಮ ರಿಪೇರಿ ವಿಭಾಗದ ಇಂಜಿನಿಯರ್ ಮುಖ ಸಣ್ಣದು ಮಾಡಿಕೊಂಡು ಬಂದ. ಏಳರಿಂದ ಶುರುವಾಗುವ ನಂಬರಿನ ಯಂತ್ರಗಳಲ್ಲಿ ದೋಷವಿತ್ತು. ಒಳಗೆ ಬಿಸಿ ಏರುತ್ತಲೇ ಹೋದರೂ ಪರದೆ ಮಾತ್ರ ಎಲ್ಲ ಸರಿಯಿದೆ ಎಂದೇ ತೋರಿಸುತ್ತದೆ. ಅಂಥವು ಅರವತ್ತೆರಡು ಆಸ್ಪತ್ರೆಗಳಿಗೆ ಹೋಗಿದ್ದವು. ಅವುಗಳನ್ನು ಕೂಡಲೇ ನಿಲ್ಲಿಸಲು ಹೇಳಿ ಪತ್ರ ಬರೆಯಿರಿ ಎಂದರು ಮಾಲೀಕರು.

ಬರೆದೆ. ಒಂದೂವರೆ ಪುಟ. ಮೊದಲು ಆಸ್ಪತ್ರೆಯ ಸೇವೆಯನ್ನು ಕೊಂಡಾಡಿದೆ, ಆಮೇಲೆ ನಮ್ಮ ನಡುವಿನ ಬಹುಕಾಲದ ಬಾಂಧವ್ಯವನ್ನು ನೆನೆದೆ, ಆಮೇಲೆ ನಮ್ಮ ಯಂತ್ರಗಳ ಗುಣಮಟ್ಟದ ಬಗ್ಗೆ ನಾಲ್ಕು ಮಾತು. ಎರಡನೆಯ ಪುಟದ ಮೂರನೆಯ ಸಾಲಿನಲ್ಲಿ, ‘ಕೆಲವು ಯಂತ್ರಗಳಲ್ಲಿ ಉಷ್ಣತೆಯ ನಿಯಂತ್ರಣದಲ್ಲಿ ಕಿಂಚಿತ್ ವ್ಯತ್ಯಾಸ ಕಂಡುಬರುವ ಸಂಭವವಿರುವುದರಿಂದ, ಅವುಗಳನ್ನು ಬಳಕೆಯಿಂದ ಹಿಂತೆಗೆದುಕೊಳ್ಳತಕ್ಕದ್ದು’ ಎಂದು ಸೇರಿಸಿದೆ. ಮಾಲೀಕರು ಓದಿ, ಕೆಟ್ಟ ಸುದ್ದಿಯನ್ನು ಇಷ್ಟು ಚೆನ್ನಾಗಿ ಹೇಳಲು ನಿಮ್ಮಿಂದ ಮಾತ್ರ ಸಾಧ್ಯ ಎಂದರು. ನಾನು ಉಬ್ಬಿಹೋದೆ. ಅರವತ್ತೆರಡು ವಿಳಾಸಗಳನ್ನೂ ಕೈಯಾರೆ ಟೈಪ್ ಮಾಡಿ ಇಮೇಲಿನಲ್ಲಿ ಕಳಿಸಿದೆ.

ಗುರುವಾರ ಮಧ್ಯಾಹ್ನದ ಹೊತ್ತಿಗೆ ಬಂದಿದ್ದು ಮೂರೇ ಉತ್ತರ. ಎರಡರಲ್ಲಿ ‘ಪತ್ರ ತಲುಪಿದೆ’ ಎಂದಿತ್ತು. ಮೂರನೆಯದು ಹೊಳೆಯಾಚೆಯ ಒಂದು ಚಿಕ್ಕ ಆಸ್ಪತ್ರೆಯದು. ನಮ್ಮ ಆತ್ಮೀಯ ಮಾತುಗಳಿಗೆ ತುಂಬಾ ಸಂತೋಷವಾಯಿತೆಂದೂ, ಸಿಬ್ಬಂದಿಯೆಲ್ಲ ಓದಲೆಂದು ಪತ್ರವನ್ನು ನೋಟಿಸ್ ಬೋರ್ಡಿಗೆ ಹಾಕಿರುವುದಾಗಿಯೂ ಬರೆದಿದ್ದರು.

ಅದನ್ನು ನಾನು ಎರಡು ಸಲ ಓದಿದೆ. ಇಂಜಿನಿಯರ್ ಮೂರು ದಿನದಿಂದ ಎಲ್ಲ ಕಡೆಗೂ ಫೋನ್ ಮಾಡುತ್ತಲೇ ಇದ್ದ. ಆದರೆ ಫೋನ್ ಎತ್ತುವವರು ಆಸ್ಪತ್ರೆಗಳ ಆಫೀಸಿನವರು, ‘ನಿಮ್ಮ ಪತ್ರ ಬಂದಿದೆ, ಫೈಲಿಗೆ ಹಾಕಿದ್ದೇವೆ’ ಎಂದು ಇಟ್ಟುಬಿಡುತ್ತಿದ್ದರು. ಅವನು ನನ್ನ ಮೇಜಿನ ಎದುರಿಗೆ ನಿಂತು, ಸಿಟ್ಟಿಲ್ಲದ ದನಿಯಲ್ಲಿ ಕೇಳಿದ, “ಮೇಡಂ, ಅದರಲ್ಲಿ ನಿಲ್ಲಿಸಿ ಅಂತ ಎಲ್ಲಿ ಬರೆದಿದ್ದೀರಿ?”

ಬೆರಳಿಟ್ಟು ತೋರಿಸಲು ಹೋದೆ. ನನಗೇ ಬೇಗ ಸಿಗಲಿಲ್ಲ.

ವಿಳಾಸಗಳ ಪಟ್ಟಿ ತೆಗೆದು ನೋಡುತ್ತಾ ಬಂದೆ. ಮೂವತ್ತೇಳನೆಯದು ಎರಡು ಬೀದಿ ಆಚೆಗಿನ ದೊಡ್ಡಾಸ್ಪತ್ರೆ. ನಮ್ಮ ಅಣ್ಣನ ಹೆಂಡತಿ ಅಲ್ಲೇ ಎಳೆಮಕ್ಕಳ ವಾರ್ಡಿನಲ್ಲಿ ಹೆಡ್ ನರ್ಸ್. ಸೋಮವಾರ ಆ ಹೆಸರನ್ನು ನಾನೇ ಟೈಪ್ ಮಾಡಿದ್ದೆ. ಆಗ ಅತ್ತಿಗೆಯಾಗಲಿ ಮಕ್ಕಳಾಗಲಿ ನೆನಪಿಗೆ ಬಂದಿರಲಿಲ್ಲ. ಬರಿಯ ವಿಳಾಸ ಕಂಡಿತ್ತು. ಎದ್ದೆ, ಚಪ್ಪಲಿ ಮೆಟ್ಟಿಕೊಂಡು ಓಡಿದೆ. ದಾರಿಯುದ್ದಕ್ಕೂ ಫೋನ್ ಮಾಡಿದೆ. ಕೆಲಸದ ಹೊತ್ತಿನಲ್ಲಿ ಅತ್ತಿಗೆ ಫೋನ್ ಎತ್ತುವವರಲ್ಲ.

ವಾರ್ಡಿನ ಬಾಗಿಲಲ್ಲಿ ನನ್ನ ಏದುಸಿರು ನೋಡಿ ಅತ್ತಿಗೆ ಅಣ್ಣನಿಗೇನಾಯಿತೆಂದು ಗಾಬರಿಯಾದರು. ವಿಷಯ ಹೇಳಿದೆ. ಅವರು ಒಳಗೆ ಹೋಗಿ ಮೂಲೆಯ ವಾರ್ಮರಿನ ನಂಬರು ನೋಡಿ ಪ್ಲಗ್ ಕಿತ್ತರು. ಪುಣ್ಯಕ್ಕೆ ಅದರಲ್ಲಿ ಯಾರೂ ಇರಲಿಲ್ಲ, ಮೂರು ಗಂಟೆಗೆ ಬರಲಿದ್ದ ಮಗುವಿಗೆಂದು ಬೆಚ್ಚಗೆ ಮಾಡಿಟ್ಟಿದ್ದರು. ಆಮೇಲೆ ಫೈಲಿನಿಂದ ನನ್ನ ಪತ್ರ ತೆಗೆದರು.

“ಓದಿದ್ದೆ ಕಣೇ. ಅರ್ಧ ಪುಟ ಓದಿ, ನಮ್ಮ ಹುಡುಗಿ ಎಷ್ಟು ಚೆನ್ನಾಗಿ ಬರೀತಾಳೆ ಅಂದ್ಕೊಂಡೆ. ಅಷ್ಟರಲ್ಲಿ ಒಂದು ಮಗು ಅತ್ತಿತು, ಎದ್ದು ಹೋದೆ.”

ಭೂಮಿ ಬಾಯ್ಬಿಟ್ಟು ನುಂಗಬಾರದೇ ಎನ್ನಿಸಿತು. ಬೈದಿದ್ದರೆ ವಾಸಿಯಿತ್ತು.

ಅಷ್ಟರಲ್ಲಿ ಎರಡು ಗಂಟೆಯಾಯಿತು. ಪಾಳಿ ಬದಲಾಗುವ ಹೊತ್ತು. ಮಧ್ಯಾಹ್ನದ ಪಾಳಿಯ ನರ್ಸ್ ಕೈತೊಳೆದು ಬಂದಳು. ಅತ್ತಿಗೆ ನನ್ನನ್ನು ಗೋಡೆಗೆ ಸರಿಸಿ ಅವಳೊಡನೆ ಹಾಸಿಗೆಯಿಂದ ಹಾಸಿಗೆಗೆ ನಡೆಯತೊಡಗಿದರು.

“ಒಂದು. ಗಂಡು. ಹಾಲು ಕುಡಿದಿದೆ. ಮೂರಕ್ಕೆ ಮತ್ತೆ ಕೊಡು.”

“ಎರಡು. ಹೆಣ್ಣು. ಉಸಿರು ಜೋರಿದೆ. ಹತ್ತು ನಿಮಿಷಕ್ಕೊಂದ್ಸಲ ಎಣಿಸು. ಅರವತ್ತು ದಾಟಿದ್ರೆ ಡಾಕ್ಟರನ್ನ ಕರಿ. ಕಾಯ್ಬೇಡ.”

ಅಷ್ಟೇ. ಅತ್ತಿಗೆ ‘ಎಣಿಸು’ ಎನ್ನುವಷ್ಟರಲ್ಲಿ ಆ ನರ್ಸಿನ ಕೈ ಮಗುವಿನ ಎದೆಯ ಮೇಲಿತ್ತು, ಕಣ್ಣು ಗಡಿಯಾರದ ಮೇಲಿತ್ತು. ಮಾತಿಗೂ ಕೈಗೂ ನಡುವೆ ಒಂದು ಕೂದಲೆಳೆಯಷ್ಟೂ ಜಾಗವಿರಲಿಲ್ಲ. ಯಾವ ಮಗು, ಏನಾಗಿದೆ, ಏನು ಮಾಡಬೇಕು, ಎಲ್ಲಿಯವರೆಗೆ. ಹನ್ನೊಂದು ಮಕ್ಕಳ ಪ್ರಾಣ ನಾಲ್ಕು ನಿಮಿಷದಲ್ಲಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಯಿತು, ಒಂದು ತೊಟ್ಟೂ ಚೆಲ್ಲಲಿಲ್ಲ. ಈ ಅತ್ತಿಗೆಯನ್ನು ನಾನು ಇಪ್ಪತ್ತೆರಡು ವರ್ಷದಿಂದ ಬಲ್ಲೆ. ಮನೆಗೆ ಬರೆದ ಚೀಟಿಯಲ್ಲೂ ಎರಡು ಸಾಲು ಮೀರದವರು. ಅದನ್ನು ನಾನು ಬಿಂಕ ಎಂದುಕೊಂಡಿದ್ದೆ. ಗೋಡೆಗೆ ಒರಗಿ ನಿಂತಿದ್ದ ನನಗೆ ಮೈಯೆಲ್ಲ ಜುಮ್ಮೆಂದಿತು. ಬರವಣಿಗೆ ನನ್ನ ಕಸುಬು, ಆದರೆ ಕೇಳಿದವರ ಕೈ ಹೀಗೆ ಎದ್ದುಬಿಡುವ ಒಂದು ವಾಕ್ಯವನ್ನು ಇಷ್ಟು ವರ್ಷದಲ್ಲಿ ನಾನು ಬರೆದಿರಲಿಲ್ಲ.

ಅವರ ಮೇಜಿನ ಮೇಲಿನ ಹಾಳೆ ಎಳೆದುಕೊಂಡು ಅಲ್ಲೇ ಕುಳಿತೆ. ಗೀಚಿದ ಹೊಸ ಪತ್ರವನ್ನು ತೋರಿಸಿದಾಗ ಅತ್ತಿಗೆ ಓದಲಿಲ್ಲ. ಖಾಲಿ ವಾರ್ಮರನ್ನು ಮತ್ತೆ ಪ್ಲಗ್ಗಿಗೆ ಹಾಕಿ, ಏನೂ ಗೊತ್ತಿಲ್ಲದ ಪಕ್ಕದ ವಾರ್ಡಿನ ನರ್ಸನ್ನು ಕರೆದು ಅದರ ಮುಂದೆ ನಿಲ್ಲಿಸಿ ಹಾಳೆ ಕೊಟ್ಟರು. ನನಗೆ ಬಾಯಿ ಬಿಡಬೇಡ ಎಂದರು. ಅವಳು ಓದಿದಳು. ಮೂರನೆಯ ಸಾಲಿಗೆ ಹೋದವಳ ಕಣ್ಣು ಮತ್ತೆ ಮೇಲಕ್ಕೆ ಹೋಯಿತು. ತಲೆಯೆತ್ತಿ, ‘ಹಾಗಾದ್ರೆ ಈಗ ಆಫ್ ಮಾಡ್ಬೇಕಾ ಸಿಸ್ಟರ್?’ ಎಂದು ಕೇಳಿದಳು.

“ನೋಡು, ಕೇಳಿದಳು,” ಎಂದರು ಅತ್ತಿಗೆ. “ಅವಳು ಕೇಳಬಾರದು. ಕೇಳೋದಕ್ಕೆ ಅಲ್ಲಿ ನೀನಿರಲ್ಲ.”

ನಾನು ‘ಸಾಧ್ಯವಾದಷ್ಟು ಬೇಗನೆ’ ಎಂದು ಬರೆದಿದ್ದೆ. ‘ಪರಿಶೀಲಿಸುವುದು ಸೂಕ್ತ’ ಎಂದೂ ಬರೆದಿದ್ದೆ. ವಾಕ್ಯಗಳನ್ನು ಒಡೆದೆ, ಅಳಿಸಿದೆ, ಮತ್ತೆ ಬರೆದೆ. ಒಂದೊಂದು ಪದ ತೆಗೆಯುವಾಗಲೂ ಕರುಳು ಚುರ್ ಎನ್ನುತ್ತಿತ್ತು, ಸುಳ್ಳು ಹೇಳಲಾರೆ. ಕೊನೆಗೆ ಉಳಿದದ್ದು ಇಷ್ಟು.

*ಈ ಕಾಗದವನ್ನು ಫೈಲಿಗೆ ಹಾಕಬೇಡಿ. ಎಳೆಮಕ್ಕಳ ವಾರ್ಡಿಗೆ ಈಗಲೇ ಒಯ್ದು ಕೊಡಿ.*

*ವಾರ್ಮರಿನ ಬಲಬದಿಯ ನಂಬರು ನೋಡಿ. ಅದು 7ರಿಂದ ಶುರುವಾಗಿದ್ದರೆ ಮಗುವನ್ನು ಎತ್ತಿಕೊಳ್ಳಿ. ಪ್ಲಗ್ ತೆಗೆಯಿರಿ.*

*ಪರದೆಯನ್ನು ನಂಬಬೇಡಿ. ಒಳಗೆ ಬಿಸಿ ಅದಕ್ಕಿಂತ ಹೆಚ್ಚಿರಬಹುದು.*

*ಎಷ್ಟು ಯಂತ್ರ ನಿಲ್ಲಿಸಿದಿರಿ ಎಂದು ತಿಳಿಸಿ. ಬದಲಿ ಯಂತ್ರ ನಾಳೆ ಬರುತ್ತದೆ.*

*ತಪ್ಪು ನಮ್ಮದು.*

ಈ ಸಲ ಕರೆದದ್ದು ಮೇಲಿನ ಮಹಡಿಯ ನರ್ಸನ್ನು. ಮಧ್ಯವಯಸ್ಸಿನ ಹೆಂಗಸು, ಊಟ ಬಿಟ್ಟು ಬಂದಿದ್ದಕ್ಕೆ ಮುಖ ಗಂಟಿಕ್ಕಿಕೊಂಡಿದ್ದಳು. ಹಾಳೆ ಹಿಡಿದು ಓದತೊಡಗಿದಳು. ಸೊಂಟ ಬಗ್ಗಿತು, ನಂಬರು ನೋಡಿದಳು. ಎಡಗೈ ಖಾಲಿ ಹಾಸಿಗೆಯನ್ನು ತಡವಿತು, ಮಗುವಿದೆಯೇ ಎಂದು. ಬಲಗೈ ಪ್ಲಗ್ಗಿಗೆ ಹೋಯಿತು, ಹಾಳೆ ನೆಲಕ್ಕೆ ಬಿತ್ತು. ನನ್ನ ಸಹಿಯವರೆಗೆ ಅವಳು ಬರಲೇ ಇಲ್ಲ.

ನೆಲದ ಮೇಲೆ ಬಿದ್ದಿದ್ದ ಹಾಳೆಯನ್ನು ನೋಡುತ್ತಾ ನಿಂತುಬಿಟ್ಟೆ. ನನ್ನ ಬರಹ ಒಬ್ಬರ ಕೈಯೆತ್ತಿಸಿದ್ದನ್ನು ಅದೇ ಮೊದಲು ಕಂಡದ್ದು. ಹೆದರಿಕೆಯೂ ಆಯಿತು. ಇಷ್ಟು ಶಕ್ತಿ ಇದ್ದ ವಸ್ತುವನ್ನು ನಾನು ಹತ್ತೊಂಬತ್ತು ವರ್ಷ ಹೂ ಮುಡಿಸಲು ಬಳಸಿದ್ದೆ. ಅತ್ತಿಗೆ ಹಾಳೆ ಎತ್ತಿ ಕೈಗಿತ್ತು, ಇನ್ನು ಹೊರಡು, ಅರವತ್ತೊಂದು ಬಾಕಿ ಇವೆ ಎಂದರು.

ಮೂರು ಗಂಟೆಗೆ ಪತ್ರ ಎಲ್ಲ ಕಡೆಗೂ ಹೋಯಿತು. ‘ತಪ್ಪು ನಮ್ಮದು’ ಎಂಬಲ್ಲಿ ಮಾಲೀಕರು ಪೆನ್ನು ಹಿಡಿದು ಸ್ವಲ್ಪ ಹೊತ್ತು ತಡೆದರು, ಆಮೇಲೆ ಅದನ್ನು ಹಾಗೇ ಬಿಟ್ಟರು. ಮೂರೂ ಹತ್ತಕ್ಕೆ ಮೊದಲ ಉತ್ತರ ಬಂತು. ‘ಎರಡು ಯಂತ್ರ. ನಿಲ್ಲಿಸಿದ್ದೇವೆ.’ ಆಮೇಲೆ ಒಂದರ ಹಿಂದೊಂದು. ‘ಒಂದು. ನಿಲ್ಲಿಸಿದೆ.’ ‘ನಾಲ್ಕು. ಎಲ್ಲ ಖಾಲಿ ಇದ್ದವು.’ ಮಾನ್ಯರೇ ಇಲ್ಲ, ಸವಿನಯ ಇಲ್ಲ, ತಮ್ಮ ವಿಶ್ವಾಸಿ ಎಂಬುದೂ ಇಲ್ಲ. ನಾವು ಬರೆದಂತೆಯೇ ಅವರೂ ಬರೆಯುತ್ತಿದ್ದರು. ಇಂಜಿನಿಯರ್ ಓದಿ ಹೇಳಿದಂತೆಲ್ಲ ನಾನು ಪಟ್ಟಿಯಲ್ಲಿ ಗೆರೆ ಎಳೆಯುತ್ತಿದ್ದೆ. ನಾನು ಕಾಣದ ಕೋಣೆಗಳಲ್ಲಿ, ನನ್ನ ಹೆಸರು ತಿಳಿಯದವರು ಬಗ್ಗಿ ಪ್ಲಗ್ ಎಳೆಯುತ್ತಿದ್ದಾರೆ ಎಂಬುದನ್ನು ನಂಬಲು ನನಗೆ ಕಷ್ಟವಾಗುತ್ತಿತ್ತು.

ಸಂಜೆ ಐದರ ಹೊತ್ತಿಗೆ ಒಂದೇ ಒಂದು ಹೆಸರು ಉಳಿಯಿತು. ಹೊಳೆಯಾಚೆಯ ಚಿಕ್ಕ ಆಸ್ಪತ್ರೆ, ನನ್ನ ಮೊದಲ ಪತ್ರವನ್ನು ನೋಟಿಸ್ ಬೋರ್ಡಿಗೆ ಹಾಕಿದವರು. ಯಾರೂ ಮನೆಗೆ ಹೊರಡಲಿಲ್ಲ. ಫೋನ್ ಮಾಡಿದರೆ ಅಲ್ಲಿ ಎತ್ತುವವರಿಲ್ಲ. ಐದೂ ಇಪ್ಪತ್ತಕ್ಕೆ ಉತ್ತರ ಬಂತು. ಇಂಜಿನಿಯರ್ ಅದನ್ನು ಗಟ್ಟಿಯಾಗಿ ಓದಲಿಲ್ಲ, ಎದ್ದು ನನಗೆ ಕುರ್ಚಿ ಬಿಟ್ಟುಕೊಟ್ಟ.

‘ಒಂದು ಯಂತ್ರ. ಮಗು ಇತ್ತು. ಮೈ ಸುಡುತ್ತಿತ್ತು. ಎತ್ತಿಕೊಂಡೆವು. ಈಗ ಹಾಲು ಕುಡಿಯುತ್ತಿದೆ.’

ನಾನು ಕೂರಲಿಲ್ಲ. ನಿಂತೇ ಓದಿದೆ, ಮತ್ತೆ ಓದಿದೆ. ನನ್ನ ಮೊದಲ ಪತ್ರ ಓದಿದ ಮೇಲೆ ಮಗುವನ್ನು ಯಂತ್ರದಲ್ಲಿ ಮಲಗಿಸಿದ್ದರೇ ಎಂದು ಉತ್ತರದಲ್ಲಿ ಇರಲಿಲ್ಲ. ನಾನು ಕೇಳಲೂ ಇಲ್ಲ. ಪಟ್ಟಿಯ ಕೊನೆಯ ಹೆಸರಿನ ಮೇಲೆ ಗೆರೆ ಎಳೆದೆ.